ತವರಿನಲ್ಲೊಂದು ಪಾತಿ, ಗಂಡನ ಮನೆಯಲ್ಲೊಂದು ಪಾತಿ

ಹಾಸನ–ಮಂಗಳೂರು ಹೆದ್ದಾರಿಯಲ್ಲಿ ಆಲೂರು ಕಳೆದು ಸಕಲೇಶಪುರ ಸೇರುವ ನಡುವೆ ಎಲ್ಲೋ ಒಂದು ಕಡೆ ಅರೆಮಲೆನಾಡು ಮುಗಿದು ಮಲೆನಾಡು ಶುರುವಾಗುತ್ತದೆ. ಅದಕ್ಕೆ ಬೋರ್ಡು ಹಾಕಿಲ್ಲ. ಪಾಳ್ಯದ ತನಕ ತೆರೆದೇ ಇದ್ದ ಬಸ್ಸಿನ ಕಿಟಕಿಗಳು ಬಾಳ್ಳುಪೇಟೆಯ ಹೊತ್ತಿಗೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ, ಅಷ್ಟೇ ಗುರುತು. ಕೃಷಿಯವರ ನಕ್ಷೆಯಲ್ಲಿ ಮಾತ್ರ ಗೆರೆ ಸ್ಪಷ್ಟ. ಕರ್ನಾಟಕದ 10 ಕೃಷಿ ಹವಾಮಾನ ವಲಯಗಳಲ್ಲಿ ಆಲೂರು ತಾಲ್ಲೂಕು 7ನೆಯದಾದ ದಕ್ಷಿಣ ಪರಿವರ್ತನಾ ವಲಯಕ್ಕೆ ಸೇರಿದರೆ, ಪಕ್ಕದ ಸಕಲೇಶಪುರ 9ನೆಯದಾದ ಗುಡ್ಡಗಾಡು ವಲಯಕ್ಕೆ. ಸಕಲೇಶಪುರದ ವಾಡಿಕೆ ಮಳೆ ವರ್ಷಕ್ಕೆ 2000 ಮಿಲಿಮೀಟರ್ ದಾಟುತ್ತದೆ. ಆಲೂರಿನದು ಹೆಚ್ಚುಕಡಿಮೆ ಅದರ ಅರ್ಧ.

ನಾನು ನೋಡಲು ಹೊರಟಿದ್ದ ಹೂಪಾತಿಗಳು ಈ ಗೆರೆಯ ಎರಡೂ ಬದಿಯಲ್ಲಿವೆ. ಒಂದೇ ಕಂತಿನ ಬೀಜ, ಒಂದೇ ವಾರ ನಾಟಿ. ಅರ್ಧ ಆಲೂರು ಕಡೆಯ ಬಯಲಿನಲ್ಲಿ, ಇನ್ನರ್ಧ ಸಕಲೇಶಪುರದಾಚೆ ಹಾನುಬಾಳು ಕಡೆಯ ಕಾಫಿ ತೋಟದ ಅಂಗಳದಲ್ಲಿ. ಎರಡನ್ನೂ ಹಾಕಿಸಿದವರು ಒಬ್ಬರೇ, ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದಿ ತೋಟದ ಮನೆಗೆ ಸೊಸೆಯಾಗಿ ಬಂದವರು. ಆಲೂರು ಕಡೆಯದು ಅವರ ತವರು. “ಹೆಸರು ಹಾಕ್ಬೇಡಿ. ಹಾಕಿದ್ರೆ ಗಿಡ ಕೇಳ್ಕೊಂಡು ಜನ ಬರ್ತಾರೆ. ನಾನು ನರ್ಸರಿ ಇಟ್ಟಿಲ್ಲ” ಎಂದು ಫೋನಿನಲ್ಲೇ ಕರಾರು ಹಾಕಿದ್ದರು.

ಈ ಕಸರತ್ತು ಯಾಕೆ ಬೇಕಾಯಿತು ಎನ್ನುವುದು ಇಲ್ಲಿನ ಹೋಂಸ್ಟೇಗಳನ್ನು ನೋಡಿದವರಿಗೆ ಗೊತ್ತು. ಡಿಸೆಂಬರ್‌ನಲ್ಲಿ ಬೆಂಗಳೂರಿನ ನರ್ಸರಿಗಳಿಂದ ಪಿಕಪ್ ತುಂಬ ಹೂಕುಂಡ ಬಂದಿಳಿಯುತ್ತವೆ. ಹೊಸ ವರ್ಷಕ್ಕೆ ಬಂದ ಅತಿಥಿಗಳು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಕುಂಡದಲ್ಲಿ ಉಳಿಯುವುದು ಕೊಳೆತ ಕಡ್ಡಿ ಮತ್ತು ಪಾಚಿ. ತಪ್ಪು ನರ್ಸರಿಯವರದೇನಲ್ಲ. ಅವರ ಅಂಗಳದಲ್ಲಿ ಆ ಗಿಡ ಚೆನ್ನಾಗಿಯೇ ಇತ್ತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಶುರುವಾದ, ಬೆಂಗಳೂರು ಹೊರವಲಯದ ಹೆಸರಘಟ್ಟವನ್ನೇ ತೆಗೆದುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಎತ್ತರ, ಅಕ್ಷಾಂಶ 13 ಡಿಗ್ರಿ. ಸಕಲೇಶಪುರದ ಎತ್ತರವೂ ಅದರ ಹತ್ತಿರಹತ್ತಿರ, ಅಕ್ಷಾಂಶವೂ ಅದೇ. ಕಾಗದದ ಮೇಲೆ ಅಣ್ಣತಮ್ಮಂದಿರಂಥ ಊರುಗಳು. ಬೇರೆ ಮಾಡುವುದು ಮಳೆ ಒಂದೇ, ಹೂವಿಗೆ ಅದೊಂದೇ ಸಾಕು.

ಆಲೂರು ಕಡೆಯ ಪಾತಿ ಮೊದಲು ಸಿಕ್ಕಿತು. ಶುಂಠಿ ಹಾಕಿದ ಹೊಲ, ಅದರಾಚೆ ಮೆಕ್ಕೆಜೋಳ, ಮನೆಗೆ ತಾಗಿಕೊಂಡು ಕೀಳುವ ಹಂತಕ್ಕೆ ಬಂದ ಆಲೂಗಡ್ಡೆ. ಹೂಪಾತಿಗಳನ್ನು ಆಲೂಗಡ್ಡೆಯಿಂದ ಬೇಕೆಂದೇ ದೂರ, ಬಾವಿಯ ಪಕ್ಕಕ್ಕೆ ಹಾಕಿದ್ದಾರೆ. ಅದು ಅಪ್ಪನ ಷರತ್ತು. ಪೆಟೂನಿಯ ಆಲೂಗಡ್ಡೆಯದೇ ಕುಟುಂಬ, ಆಲೂಗಡ್ಡೆಗೆ ಅಂಗಮಾರಿ ತರುವ ರೋಗಾಣು ಪೆಟೂನಿಯಕ್ಕೂ ಹತ್ತುತ್ತದೆ ಎಂದು ಮಗಳೇ ಬಾಯ್ತಪ್ಪಿ ಹೇಳಿಬಿಟ್ಟಿದ್ದಳಂತೆ. ಹಾಸನ ಜಿಲ್ಲೆಯಲ್ಲಿ ಅಂಗಮಾರಿಯ ಹೆಸರೆತ್ತಿದರೆ ಯಾವ ರೈತನೂ ನಗುವುದಿಲ್ಲ. “ಹೂವು ಎಲ್ಲಾದ್ರೂ ಬೆಳ್ಕೊ, ನನ್ ಗಡ್ಡೆ ತಂಟೆಗೆ ಬರ್ಬೇಡ ಅಂದೆ” ಎಂದರು ಅವರು, ಜಗಲಿಯಲ್ಲಿ ಕೂತೇ.

ಉಸ್ತುವಾರಿ ತಮ್ಮನದು. ಶನಿವಾರ ಬೆಳಿಗ್ಗೆ ಎಂಟಕ್ಕೆ ಪ್ರತಿ ಪಾತಿಯ ಫೋಟೋ ತೆಗೆದು ಅಕ್ಕನಿಗೆ ವಾಟ್ಸಪ್ ಮಾಡಬೇಕು, ತನ್ನ ನೆರಳು ಬೀಳಬಾರದು, ಅಡಿಕೋಲು ಚಿತ್ರದಲ್ಲಿ ಕಾಣಬೇಕು. ಪಾತಿಗಳು ಇಲ್ಲಿ ನಳನಳಿಸುತ್ತಿದ್ದವು. ಪೆಟೂನಿಯ ಅಂಗೈಯಗಲ ಬಿರಿದಿತ್ತು. ಚೆಂಡುಹೂವಿನ ಗಿಡಕ್ಕೆ ಕೋಲಿನ ಆಸರೆಯೂ ಇಲ್ಲ. ನಿತ್ಯಪುಷ್ಪ ಮಿರಿಮಿರಿ ಎಲೆ ಬಿಟ್ಟು ನಿಂತಿತ್ತು. ಇಷ್ಟೇ ನೋಡಿ ವಾಪಸಾಗಿದ್ದರೆ ನಾನೂ ಕ್ಯಾಟಲಾಗ್ ಬರೆಯುವವರ ಹಾಗೆ ಬರೆಯುತ್ತಿದ್ದೆ.

ಹಾನುಬಾಳು ರಸ್ತೆಯಲ್ಲಿ ಇಳಿದು ತೋಟದ ದಾರಿ ಹಿಡಿದಾಗ ಕಾಲಿಗೆ ಇಂಬಳ ಹತ್ತಿಕೊಂಡವು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ಗಿಡಗಳ ಸಾಲಿನ ಮಧ್ಯೆ ನೀರು ಇಂಗಲೆಂದು ತೋಡಿದ ತೊಟ್ಟಿಲು ಗುಂಡಿಗಳೆಲ್ಲ ತುಂಬಿ ತುಳುಕುತ್ತಿದ್ದವು. ಅಂಗಳದ ಕೊನೆಯಲ್ಲಿ, ಕಾಫಿ ಒಣಗಿಸುವ ಕಣಕ್ಕೂ ಮನೆಗೂ ನಡುವೆ, ಮೂವತ್ತಾರು ಏರುಮಡಿ. ಒಂದೊಂದೂ ಮೀಟರಿಗೆ ಮೀಟರು, ನೆಲದಿಂದ ಗೇಣೆತ್ತರ, ಸುತ್ತ ಬಸಿಗಾಲುವೆ. ಮಡಿಯೊಂದಕ್ಕೆ ಒಂಬತ್ತು ಸಸಿ. ಹನ್ನೆರಡು ಬಗೆಯ ಹೂವು, ಒಂದೊಂದು ಬಗೆ ಮೂರು ಕಡೆ. ಯಾವುದು ಎಲ್ಲಿ ಎನ್ನುವುದನ್ನು ಮಗನ ಕೈಯಲ್ಲಿ ಚೀಟಿ ಎತ್ತಿಸಿ ತೀರ್ಮಾನಿಸಿದ್ದಾರೆ. ಒಂದೇ ಬಗೆಯನ್ನು ಒಂದೇ ಕಡೆ ಹಾಕಿದರೆ ಅದು ಗೆದ್ದದ್ದು ತನ್ನ ಗುಣದಿಂದಲೋ, ಆ ಮೂಲೆಯ ಮಣ್ಣು ಚೆನ್ನಾಗಿದ್ದುದರಿಂದಲೋ ಗೊತ್ತಾಗುವುದಿಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಕಟ್ಟಿಕೊಟ್ಟ ಕ್ರಮ ಇದು. ಕೃಷಿ, ತೋಟಗಾರಿಕೆ ಓದುವ ಎಲ್ಲರೂ ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ, ಅಂಗಳದಲ್ಲಿ ಹಾಕಿ ನೋಡುವವರು ಕಡಿಮೆ.

ಮಡಿಗಳಿಗೆ ಹೆಸರಿಲ್ಲ, ನಂಬರು ಮಾತ್ರ. ಹಳೇ ಪೇಂಟ್ ಡಬ್ಬದ ತಗಡು ಕತ್ತರಿಸಿ ಮೊಳೆಯಲ್ಲಿ ಕುಟ್ಟಿ ಮೂಡಿಸಿದ ಅಂಕಿ. ಪೆನ್ನಿನಲ್ಲಿ ಬರೆದದ್ದು ಪುನರ್ವಸು ಮಳೆಗೇ ಅಳಿಸಿ ಹೋಗುತ್ತದೆ. ಹೆಸರು ಬರೆಯದಿರುವುದು ತಗಡಿನ ಉಳಿತಾಯಕ್ಕಲ್ಲ. ಅಮೆರಿಕದಲ್ಲಿ 1932ರಲ್ಲಿ ಶುರುವಾದ ಆಲ್-ಅಮೆರಿಕ ಸೆಲೆಕ್ಷನ್ಸ್ ಎಂಬ ವ್ಯವಸ್ಥೆಯಲ್ಲಿ ದೇಶದ ಬೇರೆಬೇರೆ ಹವೆಯ ಊರುಗಳಲ್ಲಿ ಹೊಸ ಹೂವಿನ ಬೀಜಗಳನ್ನು ನಂಬರಿನಲ್ಲೇ ಬೆಳೆಸುತ್ತಾರೆ. ಯಾವ ಕಂಪನಿಯದೆಂದು ತೀರ್ಪುಗಾರರಿಗೆ ಹೇಳುವುದಿಲ್ಲ. ಪಕ್ಕದಲ್ಲೇ ಅದೇ ಜಾತಿಯ, ಈಗಾಗಲೇ ಹೆಸರು ಮಾಡಿದ ಹಳೆಯ ತಳಿಯೊಂದು ಕಡ್ಡಾಯವಾಗಿ ಇರಬೇಕು. ಹೊಸದು ಚೆಂದವೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ, ಹಳೆಯದಕ್ಕಿಂತ ಮೇಲೋ ಎಂದು ಕೇಳುತ್ತಾರೆ. ಈ ಪಕ್ಕದ ತಳಿಗೆ ನಮ್ಮ ಕಾಲೇಜುಗಳಲ್ಲಿ ‘ಚೆಕ್’ ಎನ್ನುತ್ತಾರೆ. ಈ ಅಂಗಳದ ಚೆಕ್ಕುಗಳು ಅತ್ತೆಯವರ ಡಬ್ಬದಿಂದ ಬಂದವು: ನಾಟಿ ಚೆಂಡುಹೂ, ನಾಟಿ ಗೌರಿಹೂ, ಬೇಲಿಯಂಚಿನ ನಿತ್ಯಪುಷ್ಪ.

ಅಂಕ ಕೊಡುವುದು ಸೊನ್ನೆಯಿಂದ ಐದರವರೆಗೆ. ಮೊದಲು ಹತ್ತಡಿ ದೂರ ನಿಂತು ಒಂದು ಅಂಕ, ಆಮೇಲೆ ಕುಕ್ಕರಗಾಲಲ್ಲಿ ಕೂತು ಎಲೆಯ ಅಡಿಭಾಗ ನೋಡಿ ಇನ್ನೊಂದು. ನೋಟ್‌ಬುಕ್ಕಿನ ಎಡಗಡೆಯ ಕಾಲಂ ಮಳೆಗೆ ಮೀಸಲು. ಪ್ಲಾಂಟರುಗಳ ಮನೆಗೆ ಮಿಲಿಮೀಟರು ಇನ್ನೂ ಬಂದಿಲ್ಲ, ಎಲ್ಲವೂ ಇಂಚು, ಇಂಚಿನ ನೂರನೇ ಪಾಲಾದ ಸೆಂಟು. “ನಿಮ್ಮಲ್ಲಿ ಎಷ್ಟ್ ಸೆಂಟ್ ಬಿತ್ತು?” ಎನ್ನುವುದು ಇಲ್ಲಿ ಕುಶಲ ವಿಚಾರಣೆ. ಹಿಂದಿನ ರಾತ್ರಿಯದು ಮೂರು ಇಂಚು ಹತ್ತು ಸೆಂಟು ಎಂದು ಬರೆದಿತ್ತು. ಅಂಥ ಮಳೆಯ ಮರುದಿನ ಬೆಳಿಗ್ಗೆ ಕೊಟ್ಟ ಅಂಕವೇ ನಿಜವಾದ ಅಂಕ ಎನ್ನುವುದು ಅವರ ಲೆಕ್ಕ.

ಮಡಿ ನಾಲ್ಕರಲ್ಲಿ ಪೆಟೂನಿಯ. ಆಲೂರಿನಲ್ಲಿ ಅಂಗೈಯಗಲ ಬಿರಿದಿದ್ದ ಅದೇ ಹೂವು ಇಲ್ಲಿ ನೆನೆದ ಹಪ್ಪಳದಂತೆ ಎಲೆಗಳಿಗೆ ಅಂಟಿಕೊಂಡಿತ್ತು. ಬೆರಳಿನಿಂದ ಎತ್ತಿದರೆ ಕೈಗೇ ಬಂತು. ಅಡಿಯಲ್ಲಿ ಬೂದುಬಣ್ಣದ ಬೂಜು. ಪೆಟೂನಿಯದಲ್ಲೂ ಎರಡು ಪಂಗಡ. ದೊಡ್ಡ ಹೂವಿನದು ಮಳೆಗೆ ಹೀಗೆ ಮುದ್ದೆಯಾಗುತ್ತದೆ, ಸಣ್ಣ ಹೂವನ್ನು ರಾಶಿರಾಶಿ ಬಿಡುವುದು ಎರಡು ದಿನ ಬಿಸಿಲು ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಮಡಿ ಏಳರಲ್ಲಿದ್ದ ಸಣ್ಣ ಹೂವಿನದಕ್ಕೆ ಎರಡು ಅಂಕ ಬಿತ್ತು, ನಾಲ್ಕಕ್ಕೆ ಸೊನ್ನೆ. ಪೆಟೂನಿಯದ ಬೀಜ ನೋಡಿದವರಿಗೆ ಈ ಸೊನ್ನೆಯ ಸಂಕಟ ಅರ್ಥವಾದೀತು. ಒಂದು ಗ್ರಾಂ ಬೀಜದಲ್ಲಿ ಹತ್ತು ಸಾವಿರದಷ್ಟು ಕಾಳು. ಮೇ ತಿಂಗಳಲ್ಲಿ ಅದನ್ನು ನಶ್ಯದಂತೆ ಬೆರಳ ತುದಿಗೆ ತೆಗೆದು, ಪ್ರೋ ಟ್ರೇಯ ಕೋಕೋಪೀಟ್ ಮೇಲೆ ಉದುರಿಸಿ, ಮಣ್ಣು ಮುಚ್ಚದೆ, ಬೆಳಕು ಬೀಳುವಂತೆ ಇಟ್ಟು ಕಾದಿದ್ದಾರೆ. ಇದೇ ಪೆಟೂನಿಯದ ಹೈಬ್ರಿಡ್ ಬೀಜವನ್ನು ಜಗತ್ತಿಗೆ ಕಳಿಸುವ ಉದ್ಯಮ ಬೆಂಗಳೂರಿನಲ್ಲಿ ಬೆಳೆದಿದೆ. ಮನಮೋಹನ ಅತ್ತಾವರ 1965ರಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿದ ಮೇಲೆ ಹೂವಿನ ಹೈಬ್ರಿಡ್ ಬೀಜ ನಮ್ಮಲ್ಲೇ ತಯಾರಾಗುವುದು ವಿಶೇಷವೇನಲ್ಲ. ಬೀಜ ನಮ್ಮದೇ ನೆಲದಲ್ಲಿ ಕಟ್ಟಿದ್ದರೂ ಅದು ಅರಳಬೇಕಾದ ಅಂಗಳ ಬೇರೆಲ್ಲೋ ಇದ್ದದ್ದು.

ಬೇರೆಲ್ಲೋ ಅಂದರೆ, ಬಹುಮಟ್ಟಿಗೆ ಉದ್ದ ಹಗಲಿನ ಊರುಗಳಲ್ಲಿ. ಲಂಡನ್ನಿನಲ್ಲಿ ಜೂನ್ ಕೊನೆಗೆ ಹಗಲು ಹದಿನಾರೂವರೆ ಗಂಟೆ. ಸಕಲೇಶಪುರದಲ್ಲಿ ವರ್ಷದ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ, ಮುಟ್ಟದ ಆ ಹಗಲಿನ ಮೇಲೂ ಮೋಡ. ಪೆಟೂನಿಯ ಉದ್ದ ಹಗಲಿಗೆ ಬೇಗ ಹೂ ಬಿಡುವ ಗಿಡ, ಇಲ್ಲಿ ತಡ ಮಾಡುತ್ತದೆ. ಮೆಕ್ಸಿಕೊ ಮೂಲದ ಚೆಂಡುಹೂವಿಗೆ ಗಿಡ್ಡ ಹಗಲು ಇಷ್ಟ, ಅದು ಇಲ್ಲಿ ಅವಸರ ಮಾಡುತ್ತದೆ. ಬೀಜದ ಪೊಟ್ಟಣದ ಹಿಂದೆ ‘ಇಷ್ಟು ದಿನಕ್ಕೆ ಹೂ’ ಎಂದು ಅಚ್ಚು ಹಾಕಿದ ಸಂಖ್ಯೆಯನ್ನು ಈ ಸೊಸೆ ಮೊದಲು ಬರೆದುಕೊಂಡು, ಎದುರಿಗೆ ತನ್ನ ಅಂಗಳದ ಸಂಖ್ಯೆ ಬರೆದಿದ್ದಾರೆ. ಎರಡೂ ಹೊಂದಿದ ಸಾಲು ಹುಡುಕಿದರೂ ಸಿಗಲಿಲ್ಲ.

ಚೆಂಡುಹೂವಿನ ಮಡಿಗಳಲ್ಲಿ ಕತೆ ಇನ್ನೂ ಕುತೂಹಲದ್ದು. ದೊಡ್ಡ ಚೆಂಡು ಮಳೆ ಕುಡಿದು ತೂಕವಾಗಿ ಕಾಂಡ ಮುರಿದುಕೊಂಡಿತ್ತು. ಸೊಸೆ ಒಂದನ್ನು ಬಿಡಿಸಿ ಎಸಳು ಅಗಲಿಸಿದರು. ಹೊರಗೆ ಚಿನ್ನದ ಬಣ್ಣ, ಒಳಗೆ ಕಂದು ಕೆಸರು. “ಫೋಟೋದಲ್ಲಿ ಇದಕ್ಕೆ ಐದು ಅಂಕ ಕೊಡ್ಬಹುದು” ಎಂದರು. ಸಣ್ಣ ಹೂವಿನ ಫ್ರೆಂಚ್ ಚೆಂಡು ನೆಲಕ್ಕೆ ಹತ್ತಿರ ಕೂತು ಮಳೆಯನ್ನು ಬದಿಗೆ ಜಾರಿಸಿಕೊಂಡಿತ್ತು. ಜಿನಿಯದ್ದೂ ಹಾಗೇ. ಹಳೆಯ ದೊಡ್ಡ ಹೂವಿನ ಜಿನಿಯಕ್ಕೆ ಎಲೆಚುಕ್ಕೆ, ಮೋಡ ಕವಿದ ದಿನಗಳಲ್ಲಿ ಬೂದಿ ರೋಗ. ಪಕ್ಕದ ಮಡಿಯಲ್ಲಿ ‘ಪ್ರೊಫ್ಯೂಷನ್’ ಎಂಬ ತಳಿ. ಎರಡು ಜಿನಿಯ ಜಾತಿಗಳನ್ನು ಬೆರೆಸಿ ಜಪಾನಿನ ಸಕಾಟ ಕಂಪನಿ ರೂಪಿಸಿದ್ದು, ರೋಗ ತಾಳಿಕೆಗಾಗಿ 1999ರಲ್ಲಿ ಆಲ್-ಅಮೆರಿಕ ಸೆಲೆಕ್ಷನ್ಸ್‌ನ ಚಿನ್ನದ ಪದಕ ಪಡೆದದ್ದು. ಹೂವು ಸಣ್ಣ, ಬಣ್ಣ ಸಾಧಾರಣ. ಆದರೆ ಆಶ್ಲೇಷಾ ಮಳೆಯಲ್ಲೂ ನಾಲ್ಕು ಅಂಕ ಉಳಿಸಿಕೊಂಡಿತ್ತು. ಪದಕಗಳನ್ನು ಅನುಮಾನದಿಂದ ನೋಡುವುದು ನನ್ನ ಸ್ವಭಾವ, ಈ ಒಂದು ಪದಕಕ್ಕೆ ತಲೆದೂಗಿದೆ.

ಕೋಳಿಜುಟ್ಟು ಬಿದ್ದಿತ್ತು. ಕಾಸ್ಮಾಸ್ ಮಲಗಿತ್ತು. ಇವೆರಡರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ.

ಖುಷಿಯಾಗಿದ್ದದ್ದು ಟೊರೇನಿಯ ಮತ್ತು ಸಣ್ಣ ಬೆಗೋನಿಯ. ಟೊರೇನಿಯದ ನೀಲಿ ಹೂವಿನ ಗಂಟಲಲ್ಲಿ ಹಳದಿ ಚುಕ್ಕೆ, ಹನಿ ಬಿದ್ದ ಕೂಡಲೇ ತಲೆಬಾಗಿಸಿ ನೀರು ಚೆಲ್ಲಿ ಮತ್ತೆ ಎದ್ದು ನಿಲ್ಲುತ್ತಿತ್ತು. ನೋಡುತ್ತ ಸುಮಾರು ಹೊತ್ತು ನಿಂತುಬಿಟ್ಟೆ. ಗೌರಿಹೂವಿನ ಸಂಬಂಧಿ ಇಂಪೇಷನ್ಸ್ ಮರದ ನೆರಳಿನ ಸಾಲಿನಲ್ಲಿ ಚೆನ್ನಾಗಿಯೇ ಇತ್ತು. ಆದರೂ ಸೊಸೆಗೆ ಅದರ ಮೇಲೆ ನಂಬಿಕೆ ಸಾಲದು. 2003ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡು, 2011–12ರಲ್ಲಿ ಅಮೆರಿಕದ ಉದ್ದಗಲಕ್ಕೂ ಈ ಗಿಡವನ್ನು ತೋಟಗಳಿಂದ ಗುಡಿಸಿ ಹಾಕಿದ ಬೂಜುತುಪ್ಪಟ ರೋಗದ ಪಾಠ ಅವರಿಗೆ ನೆನಪಿದೆ. ಅಲ್ಲಿ ಆಮೇಲೆ ಜನ ನ್ಯೂಗಿನಿ ಇಂಪೇಷನ್ಸ್ ಕಡೆ ತಿರುಗಿದರು, ಅದಕ್ಕೆ ಆ ರೋಗ ಅಷ್ಟಾಗಿ ತಾಗುವುದಿಲ್ಲ. ಈ ಕುಲಕ್ಕೆ ನಮ್ಮ ಘಟ್ಟವೇ ದೊಡ್ಡ ತವರು. ಪಶ್ಚಿಮಘಟ್ಟದಲ್ಲಿ ನೂರಕ್ಕೂ ಹೆಚ್ಚು ಜಾತಿಗಳಿವೆ, ಬಹುಪಾಲು ಬೇರೆಲ್ಲೂ ಇಲ್ಲದವು. ಮಾರನಹಳ್ಳಿ ದಾಟಿ ಶಿರಾಡಿ ಇಳಿಯುವಾಗ ಕಡಿದ ಬಂಡೆಯ ಮೇಲೆ ಮಳೆಗಾಲವಿಡೀ ತಿಳಿಗುಲಾಬಿ ಹೂ ಬಿಡುವವೂ ಇವೇ. ಅವನ್ನು ಕಿತ್ತು ತಂದು ಪಾತಿಗೆ ಹಾಕಿ ಎಂದು ನಾನು ಹೇಳಲಾರೆ. ಬಂಡೆಯಿಂದ ಕಿತ್ತದ್ದು ಬದುಕುವುದೂ ಅನುಮಾನ.

ನಿತ್ಯಪುಷ್ಪದ ಮಡಿಗಳ ಬಳಿ ಬಂದಾಗ ಸೊಸೆಯ ಮುಖ ಬದಲಾಯಿತು. ಮೂರು ಮಡಿಗಳಲ್ಲಿ ಎರಡು ಕಪ್ಪಾಗಿದ್ದವು. ಕಾಂಡ ಬುಡದಿಂದಲೇ ಸುಟ್ಟಂತೆ ಕರಗಿ, ಎಲೆ ಇನ್ನೂ ಹಸಿರಿರುವಾಗಲೇ ಗಿಡ ಒರಗಿತ್ತು. ಫೈಟಾಫ್ತೊರಾ. ಆಲೂಗಡ್ಡೆಗೆ ಅಂಗಮಾರಿ, ಅಡಿಕೆಗೆ ಕೊಳೆರೋಗ, ಮೆಣಸಿನ ಬಳ್ಳಿಗೆ ಸೊರಗು ರೋಗ, ಎಲ್ಲದರ ಹಿಂದೆಯೂ ಇದೇ ಕುಲದ ಬೇರೆಬೇರೆ ಜಾತಿಗಳು. ಗೆರೆಯ ಆಚೆ ಅಪ್ಪ ಹೆದರುವುದೂ ಇದಕ್ಕೇ, ಈಚೆ ಮಾವ ಹೆದರುವುದೂ ಇದಕ್ಕೇ. ಈ ರೋಗ ತಾಳಬಲ್ಲ ‘ಕೋರಾ’ ಎಂಬ ನಿತ್ಯಪುಷ್ಪದ ತಳಿಸಾಲು ಹೊರದೇಶದಲ್ಲಿ ಬಂದಿದೆ. ಇಲ್ಲಿ ಇದ್ದದ್ದು ಸಾಮಾನ್ಯದ್ದೇ. ಸೊಸೆಯನ್ನು ಕಾಡಿದ್ದು ಸತ್ತ ಎರಡು ಮಡಿಗಳಲ್ಲ, ಹಸಿರಾಗಿ ನಿಂತಿದ್ದ ಮೂರನೆಯದು. ಬಗ್ಗಿ ಎಲೆಯ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿ ನನಗೆ ತೋರಿಸಿದರು. ತಿಳಿನೀಲಿ ಪುಡಿ.

“ಅತ್ತೇ!”

ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ ಸೇರಿಸಿದ್ದು, ಮೆಣಸಿನ ಬಳ್ಳಿಗೆ ಹೊಡೆಯಲೆಂದು ಮಾಡಿದ್ದು. ಮಿಕ್ಕದ್ದನ್ನು ಅತ್ತೆ ಸಂಜೆ ತಂಬಿಗೆಯಲ್ಲಿ ತಂದು ಕೈಗೆ ಸಿಕ್ಕ ಒಂದು ಮಡಿಗೆ ಚಿಮುಕಿಸಿದ್ದರು. ಹೊರಗೆ ಬಂದ ಹಿರಿಯ ಹೆಂಗಸಿನ ಮುಖದಲ್ಲಿ ಪಶ್ಚಾತ್ತಾಪ ಲವಲೇಶವೂ ಇರಲಿಲ್ಲ. ನನ್ನ ಕಡೆ ತಿರುಗಿ ನ್ಯಾಯ ಕೇಳಿದರು: “ನೀವೇ ಹೇಳಿ, ಕಣ್ಣೆದುರಿಗೆ ಗಿಡ ಸಾಯ್ತಾ ಇದ್ರೆ ಸುಮ್ನೆ ಕೂತ್ಕಂಡು ನಂಬರ್ ಬರ್ಕಳಕಾಯ್ತದಾ? ಇವ್ಳಿಗೆ ಓದ್ಸಿದ್ದು ಗಿಡ ಉಳ್ಸಕೋ, ಸಾಯೋದ್ನ ಲೆಕ್ಕ ಹಾಕಕೋ?” ಸೊಸೆ ಮಾತಾಡಲಿಲ್ಲ. ನೋಟ್‌ಬುಕ್ಕಿನಲ್ಲಿ ಮಡಿ 31ರ ಸಾಲಿಗೆ ಅಡ್ಡಗೆರೆ ಎಳೆದು ‘ಬೋರ್ಡೋ, ಲೆಕ್ಕಕ್ಕಿಲ್ಲ’ ಎಂದು ಬರೆದರು.

ಪರೀಕ್ಷಾ ಪಾತಿಯ ಕಷ್ಟ ಇಷ್ಟೂ ಈ ಜಗಳದಲ್ಲಿದೆ. ತೋಟಗಾರಿಕೆ ಗೊತ್ತಿದ್ದವರ ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಒಣಗಿದ ಹೂ ಚಿವುಟುತ್ತದೆ, ಬಿದ್ದ ಗಿಡಕ್ಕೆ ಕೋಲು ಕೊಡುತ್ತದೆ, ರೋಗ ಬಂದರೆ ಔಷಧಿ ಹೊಡೆಯುತ್ತದೆ. ಆ ಕೈಯನ್ನು ಕಟ್ಟಿಹಾಕಿ ನಿಲ್ಲುವುದೇ ಇಲ್ಲಿ ಕೆಲಸ. ಹೋಂಸ್ಟೇಯ ಅಂಗಳದಲ್ಲಿ ಜುಲೈ ತಿಂಗಳು ಯಾರೂ ಕೊಡೆ ಹಿಡಿದು ಹೂ ಚಿವುಟುವುದಿಲ್ಲ, ಆದ್ದರಿಂದ ಪಾತಿಯಲ್ಲೂ ಚಿವುಟಬಾರದು. ನನಗಂತೂ ಅತ್ತೆಯ ವಾದವೇ ಹೆಚ್ಚು ಮನುಷ್ಯಸಹಜ ಎನಿಸಿತು, ಸೊಸೆಯ ನೋಟ್‌ಬುಕ್ಕೇ ಹೆಚ್ಚು ಉಪಯೋಗದ್ದು ಎಂದೂ ಎನಿಸಿತು.

ಅತ್ತೆಗೆ ಪರೀಕ್ಷೆ ಗೊತ್ತಿಲ್ಲವೆಂದಲ್ಲ. ಮನೆಯ ಹಿಂದೆ ಅವರದೇ ಡೇರೆ ಸಾಲು ಇದೆ. ಮಲೆನಾಡಿನ ಹೆಂಗಸರಿಗೆ ಡೇಲಿಯಾ ಎಂದರೆ ಡೇರೆ, ಗೌರಿ ಹಬ್ಬದ ಮುಡಿಗೂ ದೇವರಿಗೂ ಅದೇ. ಗಡ್ಡೆಗಳು ನೆಂಟರ ಮನೆಯಿಂದ ನೆಂಟರ ಮನೆಗೆ ಸೀರೆಯ ಸೆರಗಲ್ಲಿ ಕಟ್ಟಿಸಿಕೊಂಡು ಓಡಾಡಿದವು. ಅವರ ಕ್ರಮ ಕಟ್ಟುನಿಟ್ಟು. ಮಳೆಗಾಲ ಮುಗಿದು ಗಿಡ ಬಾಡಿದ ಮೇಲೆ ಕಾಂಡ ಕತ್ತರಿಸಿ, ಟೊಳ್ಳು ಕೊಳವೆಗೆ ನೀರಿಳಿಯದಂತೆ ಮಣ್ಣು ಮೆತ್ತಿ, ಗಡ್ಡೆ ಅಗೆದು, ಬೂದಿ ಸವರಿ ಅಟ್ಟಕ್ಕೆ. ಕಾಂಡದ ಬುಡದ ತುಣುಕಿಲ್ಲದ ಗಡ್ಡೆಗೆ ಕಣ್ಣಿರುವುದಿಲ್ಲ, ಅದು ಎಷ್ಟೇ ದಪ್ಪಗಿದ್ದರೂ ಮೊಳೆಯದು. ಒಂದು ಮಳೆಗಾಲ ತಲೆ ಎತ್ತಿ ನಿಲ್ಲದ ಡೇರೆಯ ಗಡ್ಡೆ ಅಟ್ಟ ಹತ್ತುವುದಿಲ್ಲ. ಬೀಳುವಷ್ಟು ಭಾರದ ಹೂವಿನ ಕೆಂಪು ಡೇರೆಯೊಂದನ್ನು ಬಹಳ ಇಷ್ಟವಿದ್ದರೂ ಬಿಟ್ಟುಬಿಟ್ಟೆ ಎಂದರು. ಈ ಸಾಲಿಗೆ ಬೋರ್ಡೋ ಹೊಡೆಯಲ್ವಾ ಎಂದೆ. “ಡೇರೆಗಾ? ತಾನಾಗಿ ನಿಲ್ದೆ ಇರೋ ಡೇರೆ ಯಾತಕ್ಕೆ?” ಸೊಸೆ ಈಗ ನಕ್ಕರು.

ಹಳೆಯ ಸಾಲುಗಳಲ್ಲಿ ಪುಣೆಯ ಪೋಚಾ ಕಂಪನಿಯ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸಿದ ಬೀಜದ ಸಂತಾನವೂ ಇದೆ. 1884ರಲ್ಲಿ ಶುರುವಾದ ಆ ಬೀಜದಂಗಡಿಯ ಪಟ್ಟಿ ಒಂದು ಕಾಲಕ್ಕೆ ತೋಟದ ಮನೆಗಳಲ್ಲಿ ಪಂಚಾಂಗದ ಪಕ್ಕದಲ್ಲೇ ಇರುತ್ತಿತ್ತು. ವರ್ಷವರ್ಷವೂ ಇಷ್ಟವಾದ ಗಿಡದ ಬೀಜ ಮಾತ್ರ ಎತ್ತಿಟ್ಟು ಬಂದ ಇಂಥ ಅಂಗಳದವರು ದೊಡ್ಡ ಕಂಪನಿಗಳನ್ನೇ ಮೀರಿಸಿದ ಉದಾಹರಣೆ ಇದೆ. ಅಮೆರಿಕದ ಬರ್ಪಿ ಬೀಜ ಕಂಪನಿ 1954ರಲ್ಲಿ, ಅಚ್ಚ ಬಿಳಿ ಚೆಂಡುಹೂ ಬೆಳೆದುಕೊಟ್ಟವರಿಗೆ ಹತ್ತು ಸಾವಿರ ಡಾಲರ್ ಎಂದು ಸಾರಿತು. 1975ರಲ್ಲಿ ಅದನ್ನು ಗೆದ್ದವರು ವಿಜ್ಞಾನಿಯಲ್ಲ, ಅಯೋವದ ಮನೆವಾರ್ತೆಯ ಹೆಂಗಸು ಆಲಿಸ್ ವಾಂಕ್. ಪ್ರತಿ ವರ್ಷ ಇರುವುದರಲ್ಲಿ ಹೆಚ್ಚು ಬೆಳ್ಳಗಿದ್ದ ಹೂವಿನ ಬೀಜವನ್ನೇ ಇಟ್ಟುಕೊಂಡು ಬಂದಿದ್ದರು.

ಹೀಗೆ ಹಾಕಿ ನೋಡಿ ಹೆಸರಾದ ಇನ್ನೊಬ್ಬರ ನಂಟು ಈ ಸೀಮೆಗೂ ಇದೆ. ಇದಕ್ಕೆ ಹಿಂದೆ ಮಂಜರಾಬಾದ್ ಎಂದು ಹೆಸರು. 1850ರ ದಶಕದಲ್ಲಿ ಇಲ್ಲಿ ಕಾಫಿ ಹಾಕಿದ ರಾಬರ್ಟ್ ಎಲಿಯಟ್ ಎಂಬ ಸ್ಕಾಟ್‌ಲೆಂಡಿನವರು 1871ರಲ್ಲಿ ತಮ್ಮ ಪ್ಲಾಂಟರ್ ಬದುಕಿನ ಪುಸ್ತಕ ಬರೆದರು. ಕಾಫಿಯ ಮಂದಿಗೆ ಅಷ್ಟು ಗೊತ್ತು. ಊರಿಗೆ ಮರಳಿದ ಮೇಲೆ ಕ್ಲಿಫ್ಟನ್ ಎಂಬಲ್ಲಿ ಬಗೆಬಗೆಯ ಹುಲ್ಲು, ಆಳಕ್ಕೆ ಬೇರಿಳಿಸುವ ಸಸ್ಯಗಳನ್ನು ಬೆರೆಸಿ ಹೊಲಗಳಲ್ಲಿ ಪ್ರಯೋಗ ಮಾಡಿ, ಸೊರಗಿದ ಮಣ್ಣನ್ನು ಹುಲ್ಲಿನಿಂದಲೇ ಎಬ್ಬಿಸುವ ಕ್ರಮವೊಂದನ್ನು ರೂಪಿಸಿ ಅಲ್ಲಿನ ಕೃಷಿಕರ ನಡುವೆ ಹೆಸರಾದವರೂ ಇವರೇ. ಆ ಕತೆ ಸಕಲೇಶಪುರದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಮನೆಯ ಮುಂದಿನ ಹೈಡ್ರಾಂಜಿಯ ಪೊದೆಗಳು ಪರೀಕ್ಷೆಗೆ ಹಾಕಿದವಲ್ಲ, ಆದರೂ ಪರೀಕ್ಷೆ ತಾನಾಗಿ ನಡೆದಿದೆ. ಸಾಲಿನ ಐದು ಪೊದೆಗಳಲ್ಲಿ ನಾಲ್ಕು ನೀಲಿ, ಗೋದಾಮಿನ ಬಾಗಿಲ ಬಳಿಯ ಒಂದು ಗುಲಾಬಿ. ತೋಟಕ್ಕೆ ಹಾಕುವ ಸುಣ್ಣದ ಚೀಲ ಇಳಿಸುವುದು ಆ ಬಾಗಿಲಲ್ಲಿ. ಮಲೆನಾಡಿನ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರಿಗೆ ಸಿಗುತ್ತದೆ, ಹೂವು ನೀಲಿಯಾಗುತ್ತದೆ. ಸುಣ್ಣ ಸೋರಿ ಹುಳಿ ತಗ್ಗಿದರೆ ಅಲ್ಯುಮಿನಿಯಂ ಮಣ್ಣಿನಲ್ಲೇ ಕಟ್ಟಿಕೊಂಡು ಹೂವು ಗುಲಾಬಿಗೆ ತಿರುಗುತ್ತದೆ. ಮಣ್ಣು ಪರೀಕ್ಷೆಗೆ ಕಳಿಸಲು ಸೋಮಾರಿತನ ಮಾಡುವ ಪ್ಲಾಂಟರುಗಳು ಅಂಗಳದ ಹೈಡ್ರಾಂಜಿಯವನ್ನಾದರೂ ನೋಡಬಹುದು.

ಮಡಿಗಳ ಕೊನೆಯ ಸಾಲಿನಲ್ಲಿ ದೊಡ್ಡ ಗುಂಡನೆಯ ಹಳ್ಳ, ತುಂಬ ನೀರು. ಆನೆ ಹೆಜ್ಜೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಈಗ ಮನೆಯವರಷ್ಟೇ ಸಲೀಸಾಗಿ ಓಡಾಡುತ್ತದೆ. ಹೈಕೋರ್ಟು ನೇಮಿಸಿದ್ದ ಕಾರ್ಯಪಡೆಯ ವರದಿಯ ನಂತರ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಯಿತು, ಬೇರೆ ಆನೆಗಳು ಬಂದದ್ದೂ ಆಯಿತು. ಇಲ್ಲಿ ಬಂದದ್ದು ಹೂವೇನೂ ತಿಂದಿಲ್ಲ, ಹಲಸಿನ ಮರದ ಕಡೆ ಹೋಗುವ ದಾರಿಯಲ್ಲಿ ಮಡಿ 35ನ್ನು ತುಳಿದು ಹೋಗಿದೆ. ನೋಟ್‌ಬುಕ್ಕಿನಲ್ಲಿ ‘ಆನೆ’ ಎಂದಷ್ಟೇ ಇದೆ. ಹೀಗೆ ಕಳೆದುಹೋದ ಒಂದು ಮಡಿಯ ಅಂಕವನ್ನು ಉಳಿದವುಗಳಿಂದ ಅಂದಾಜು ಮಾಡುವ ಸೂತ್ರವನ್ನು ಫಿಶರ್ ಇದ್ದ ರೋಥಮ್‌ಸ್ಟೆಡ್‌ನವರೇ ಆದ ಫ್ರಾಂಕ್ ಯೇಟ್ಸ್ 1933ರಲ್ಲಿ ಕೊಟ್ಟಿದ್ದಾರೆ. ಅಲ್ಲಿ ಮೊಲವೋ ಹಕ್ಕಿಯೋ ಹಾಳು ಮಾಡುತ್ತಿದ್ದಿರಬೇಕು. ಆನೆಗಿಂತ ಹೆಚ್ಚಿನ ಉಪದ್ರವ ಆಫ್ರಿಕನ್ ಬಸವನಹುಳುವಿನದು. ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕದಿದ್ದರೆ ಚೆಂಡುಹೂವಿನ ಎಳೆ ಸಸಿ ಬೆಳಗಾಗುವುದರೊಳಗೆ ಮಾಯ. ಗ್ಲಾಡಿಯೋಲಸ್ ಹಾಕಿ ನೋಡಿಲ್ಲವೇ ಎಂದು ಕೇಳಿದೆ. ಹಾಕಿದ್ದರು. ಗಡ್ಡೆಗಳನ್ನು ಮುಳ್ಳುಹಂದಿ ಅಂಕ ಕೊಡದೆಯೇ ಮುಗಿಸಿತು.

ಗ್ಲಾಡಿಯೋಲಸ್, ಚೈನಾ ಆಸ್ಟರ್ ತಳಿಗಳನ್ನು ಗುಡ್ಡಗಾಡು ವಲಯಕ್ಕೆಂದೇ ಒರೆಗೆ ಹಚ್ಚುವ ಕೆಲಸ ಹತ್ತಿರದ ಮೂಡಿಗೆರೆಯಲ್ಲೇ ಆಗಿದೆ. ಈಗ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಆ ಕಾಲೇಜಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಸರಘಟ್ಟದ ಕಾಮಿನಿ, ಪೂರ್ಣಿಮಾ, ಶಶಾಂಕ್‌ನಂಥ ಆಸ್ಟರ್ ತಳಿಗಳ ಎತ್ತರ, ಹೂವಿನ ಸಂಖ್ಯೆ, ಹೂದಾನಿಯಲ್ಲಿ ಬಾಳಿಕೆ ಅಳೆಯುವ ಕೆಲಸ ಮಾಡಿದ್ದಾರೆ. ಬೇಕಾದ ಕೆಲಸವೇ. ನನ್ನದೊಂದು ತಕರಾರಿದೆ. ಅಳತೆಗಳೆಲ್ಲ ಮಾರುಕಟ್ಟೆಗೆ ಹೋಗುವ ಹೂವಿನವು: ಎಕರೆಗೆ ಎಷ್ಟು ಕೆಜಿ, ಕೊಯ್ದ ಮೇಲೆ ಎಷ್ಟು ದಿನ. ಕೊಯ್ಯದೆ ಅಂಗಳದಲ್ಲೇ ಬಿಟ್ಟ ಹೂವು ಪುಷ್ಯ ಮಳೆಯ ಮರುದಿನ ಹತ್ತಡಿ ದೂರದಿಂದ ಹೇಗೆ ಕಾಣುತ್ತದೆ ಎನ್ನುವುದಕ್ಕೆ ಕಾಲಂ ಇಲ್ಲ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಅಂಗಳದ ಗಿಡಗಳಿಗೆಂದೇ 1922ರಿಂದ ಗುಣಪ್ರಶಸ್ತಿ ಕೊಡುತ್ತ ಬಂದಿದೆ, ವಿಸ್ಲಿಯ ಬಯಲುಪಾತಿಗಳಲ್ಲಿ ಬೆಳೆಸಿ ನೋಡಿ. ಹೋಂಸ್ಟೇ, ರೆಸಾರ್ಟುಗಳು ಇಷ್ಟೊಂದು ಆಗಿರುವ ಮಲೆನಾಡಿಗೆ ಇಂಥದೊಂದು ಪಟ್ಟಿ ಸರ್ಕಾರಿ ಲೆಕ್ಕದಲ್ಲೇ ಇರಬೇಕಿತ್ತು. ಸದ್ಯಕ್ಕೆ ಅದು ಇಬ್ಬರು ಹೆಂಗಸರು ಜಗಳವಾಡುವ ಒಂದು ಅಂಗಳದಲ್ಲಿದೆ.

ಕಾಫಿ ಕುಡಿಯುತ್ತ ಸೊಸೆ ಎರಡೂ ಕಡೆಯ ಅಂಕಗಳನ್ನು ಕೂಡಿ ತೋರಿಸಿದರು. ದೊಡ್ಡ ಪೆಟೂನಿಯ ತವರಿನಲ್ಲಿ ನಾಲ್ಕು, ಇಲ್ಲಿ ಸೊನ್ನೆ. ಪ್ರೊಫ್ಯೂಷನ್ ಜಿನಿಯ ಎರಡೂ ಕಡೆ ನಾಲ್ಕು. ಟೊರೇನಿಯ ಇಲ್ಲಿ ಐದು, ಆಲೂರಿನ ಬಯಲು ಬಿಸಿಲಿಗೆ ಎರಡೂವರೆ. ಅತ್ತೆಯ ನಾಟಿ ಗೌರಿಹೂ ಎರಡೂ ಕಡೆ ಮೂರೂವರೆ, ಅದರ ಎದುರಿಗೆ ಇಟ್ಟಿದ್ದ ಹೊಸ ಗಿಡ್ಡ ತಳಿ ಇಲ್ಲಿ ಎರಡು. ಸರಾಸರಿ ತೆಗೆಯಬಹುದಲ್ಲ ಎಂದೆ. “ಸರಾಸರಿ ಮಳೆ ಎಲ್ಲಿ ಬೀಳತ್ತೆ?” ಎಂದರು. ಆಲೂರು ಕಡೆಯವರಿಗೆ ಒಂದು ಪಟ್ಟಿ, ಹಾನುಬಾಳು, ಹೆತ್ತೂರು ಕಡೆಯವರಿಗೆ ಇನ್ನೊಂದು.

ಪಟ್ಟಿ ಕೊಡುವುದು ಈ ವರ್ಷವಲ್ಲ. ಇದೇ ಹನ್ನೆರಡನ್ನು ಹಸ್ತ ಮಳೆ ಮುಗಿದ ಮೇಲೆ ಮತ್ತೆ ಹಾಕಬೇಕು, ಮಳೆಗೆ ನಿಂತದ್ದು ಮಾರ್ಚ್ ಬಿಸಿಲಿಗೆ, ಇಬ್ಬನಿಗೆ ನಿಲ್ಲುತ್ತದೋ ನೋಡಬೇಕು. ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು ಶುರು, ಆಮೇಲೆ ಪಾತಿ ಕೆಲಸಕ್ಕೆ ಒಂದು ಆಳೂ ಸಿಗುವುದಿಲ್ಲ. ಅದಕ್ಕೆ ಸೆಪ್ಟೆಂಬರ್ ಕೊನೆಗೇ ಟ್ರೇಗೆ ಬೀಜ ಬೀಳಬೇಕು. ಮೆಣಸಿಗೆ ಮಾಡಿದ ಬೋರ್ಡೋದಲ್ಲಿ ಮಿಕ್ಕದ್ದನ್ನು ಎಲ್ಲಿ ಬೀಗ ಹಾಕಿಡುವುದು ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಬೀಗದ ಕೈಗಳೆಲ್ಲ ಅತ್ತೆಯ ಸೊಂಟದಲ್ಲೇ ಇವೆ.